ಮೂಲ ಪ್ರತಿ

ಗದಗಿನ ಸ್ಟೇಶನ್ ರೋಡು, ಪ್ರೆಸ್ಸಿನ ಹಿಂದಿನ ಖೋಲಿ.
ಹನ್ನೊಂದು ವರ್ಷ ಆತು ಇಲ್ಲೇ ಕುಂತು, ಮಂದಿ ಮಾರಿ ತೊಳಕೋತ.
ಲಗ್ನಪತ್ರಿಕಿ, ಹುಟ್ಟುಹಬ್ಬದ ಬ್ಯಾನರು, ಪಂಚಾಯ್ತಿ ಚುನಾವಣಿ,
ಯಾರೇ ಬರಲಿ, ಫೋಟೊ ಕೊಟ್ಟು ಒಂದೇ ಮಾತು:
"ಮೇಡಮ್, ಸ್ವಲ್ಪ ಕ್ಲೀನ್ ಮಾಡ್ರಿ."
ಒಂದು ಕ್ಲಿಕ್ಕಿಗೆ ಮೊಡವಿ ಹೋಗತೈತಿ,
ಎರಡಕ್ಕ ಸಿಡಬಿನ ಕಲಿ,
ಮೂರಕ್ಕ ಕಣ್ಣ ಕೆಳಗಿನ ನಿದ್ದಿಗೇಡು.
ತಪ್ಪಾದರ ಕಂಟ್ರೋಲ್ ಝಡ್.

ನನ್ನ ಗಲ್ಲದ ಬಂಗಿಗೆ ಮಾತ್ರ ಕ್ಲಿಕ್ ಇರಲಿಲ್ಲ.
ಎರಡನೇ ಬಾಣಂತನದಾಗ ಬಂತು,
ಮೊದಲು ಚಾ ಚೆಲ್ಲಿದಷ್ಟು,
ಆಮ್ಯಾಲೆ ಚಾದ ಬಸಿ ಇಟ್ಟಷ್ಟು.
ಅತ್ತಿ ಜಾಜಿಕಾಯಿ ತೇಯ್ದಳು, ನೆಗೆಣ್ಣಿ ಆಲೂಗಡ್ಡಿ ತಿಕ್ಕಿದಳು,
ಮೆಡಿಕಲ್ ಅಂಗಡಿ ಹುಡುಗ ಕೊಟ್ಟ ಟ್ಯೂಬು
ಬೆಳ್ಳಗ ಮಾಡಿ, ಕೆಂಪಗ ಮಾಡಿ,
ಕಡೀಕ ಮೊದಲಿಗಿಂತ ಕರ್ರಗ ಮಾಡಿ ಕೈಬಿಟ್ಟಿತು.

ಅದಕ್ಕ ಈಗ ತಿಂಗಳಿಗೊಮ್ಮೆ ಹುಬ್ಬಳ್ಳಿ.
ಏಳೂವರಿ ಬಸ್ಸು. ಹೋಗೂವಾಗ ಬಲಕ್ಕ ಕುಂದರತೀನಿ,
ಬರೂವಾಗ ಎಡಕ್ಕ.
ಬಿಸಿಲು ಯಾವ ಕಿಡಕಿಗೆ ಹೊಡೀತೈತಿ
ಡ್ರೈವರನಿಗಿಂತ ನನಗ ಚೊಲೊ ಗೊತ್ತು.

ವಿದ್ಯಾನಗರದಾಗ ಎರಡನೇ ಮಾಳಿಗಿ, ತಣ್ಣನ ಕೋಣಿ.
ಕಣ್ಣಿಗೆ ತಗಡಿನ ಚಿಪ್ಪು ಇಡತಾರ.
ಕತ್ತಲದಾಗ ಟಕ್, ಟಕ್, ಟಕ್,
ಒಗ್ಗರಣಿ ಸಾಸಿವಿ ಹಾರಿ ಕಪಾಳಕ್ಕ ಬಿದ್ದಂಗ.
ಕೂದಲು ಸುಟ್ಟ ಸಣ್ಣ ವಾಸನಿ.
"ಆರು ಸಲ ಬರ್ರಿ. ಆಮ್ಯಾಲೂ ತಿರುಗಿ ಬರಬಹುದು ಅದು,
ಮಾತು ಕೊಡಂಗಿಲ್ಲ," ಅಂದಳು ಡಾಕ್ಟರು,
ಸುಳ್ಳು ಹೇಳಲಾರದ ಹುಡುಗಿ.
ಪ್ರತಿ ಸಲ ಗೋಡಿಗೆ ನಿಂದರಿಸಿ ಫೋಟೊ ತಗೀತಾರ.
ಟ್ಯೂಬ್‌ಲೈಟು ತಪ್ಪು ಕಡೆ ಐತಿ ಅಂತ ಹೇಳಬೇಕು ಅನಸತೈತಿ.
ಹೇಳಂಗಿಲ್ಲ. ಅದು ಅವರ ಪ್ರೆಸ್ಸು.

ಮೂರನೇ ಸಲಕ್ಕ ಹೋಗೂ ಹಿಂದಿನ ದಿನ
ಬೆಟಗೇರಿಯ ನೇಕಾರ ಅಂದಾನೆಪ್ಪ ಬಂದ.
ಹೆಂಡತಿ ಶಿವಗಂಗವ್ವ ತೀರಿ ಒಂಬತ್ತು ದಿನ.
ಫೋಟೊ ಇದ್ದದ್ದು ಮೊಮ್ಮಗನ ಮೊಬೈಲಿನಾಗ.
ದೊಡ್ಡದು ಮಾಡಿ ನೋಡಿದೆ, ನನಗ ಕೆಲಸಾನ ಉಳಿದಿರಲಿಲ್ಲ,
ಮೊಬೈಲೇ ಎಲ್ಲಾ ಒರಸಿತ್ತು.
ಅರವತ್ತೆಂಟರ ಗಲ್ಲ, ಸಿಪ್ಪಿ ತಗದ ಸೋರಿಕಾಯಿ.
ಮುದುಕ ಚಾಳೀಸು ಒರಸಿಗೊಂಡು ಎರಡು ಸಲ ನೋಡಿದ.
"ಇಕಿ ಯಾರು?" ಅಂದ.
"ನಮ್ಮಕಿಗೆ ಎರಡೂ ಗಲ್ಲಕ್ಕ ಬಂಗು ಇತ್ತು ತಂಗಿ.
ಓಣ್ಯಾಗ ಬಿಸಿಲಿಗೆ ನಿಂತು ಹಾಸು ಹಚ್ಚಿ ಹಚ್ಚಿ ಬಂದದ್ದು.
ಅದನ್ನ ತಿರುಗಿ ಹಾಕು."

ಮೂಲ ಫೋಟೊ? ಮೊಮ್ಮಗ ತಲಿ ಅಲ್ಲಾಡಿಸಿದ.
ಬ್ಯಾರೆ? ರೇಶನ್ ಕಾರ್ಡಿನ್ಯಾಗ ಐತಿ, ಮೂಗೂ ಕಾಣಂಗಿಲ್ಲ.
"ಹೆಂಗಿತ್ತು ಅಜ್ಜಾರ, ಯಾವ ಆಕಾರ?"
ಗಾಳಿಯೊಳಗ ಬೆರಳು ಎತ್ತಿದ, ಹಂಗ ನಿಂತ.
ಐವತ್ತು ವರ್ಷ ನೋಡಿದ್ದು ಬೆರಳಿಗೆ ಬರಲಿಲ್ಲ.
ಆಮ್ಯಾಲೆ ನನ್ನ ಮಾರಿ ನೋಡಿದ.
ನೋಡಿ, ನಾಚಿ, ನೆಲ ನೋಡಿದ.

ತಿಳೀತು ನನಗ.
ಮಾನಿಟರಿನ ಕರೇ ಅಂಚಿನ್ಯಾಗ ನನ್ನ ಎಡಗಲ್ಲ ನೋಡಿಕೋತ
ಬ್ರಶ್ಶು ತಗೊಂಡೆ, ಮೆತ್ತಂದು, ಮೂವತ್ತು ಪರ್ಸೆಂಟು.
ಹನ್ನೊಂದು ವರ್ಷದಾಗ ಮೊದಲ ಸಲ
ಕಲಿ ತಗೀಲಿಲ್ಲ, ಕಲಿ ಇಟ್ಟೆ.
ಮೂಗಿನ ಕಡೆ ಒಂದು ನಡುಗಡ್ಡಿ,
ಕಿವಿ ಕಡೆ ಹರಕು ಅಂಚು.
ತಿದ್ದಬೇಕು ಅನಿಸಿದಲ್ಲೆಲ್ಲಾ ಕೈ ಹಿಡಿದೆ.
ಬಲಗಲ್ಲಕ್ಕ ಅದನ್ನ ತಿರುವಿ ಹಾಕಿದೆ.
"ಹಾಂ," ಅಂದ ಅಂದಾನೆಪ್ಪ, "ಬಂದಳು."
ರೊಕ್ಕ ಎಣಿಸಿ ಕೊಟ್ಟ. ಎರಡು ನೋಟು ಮತ್ತೊಮ್ಮೆ ಎಣಿಸಿದ.

ಮರುದಿನ ಏಳೂವರಿ ಬಸ್ಸು. ಬಲಕ್ಕ ಕುಂತೆ. ಟಕ್, ಟಕ್.
ಆಮ್ಯಾಲೆ ನಾಕನೇದು. ಐದನೇದು.
ತಿಳಿಯಾಗೇತಿ ಅಂತಾರ ಎಲ್ಲಾರೂ.
ನನಗೂ ಖುಷಿ ಐತಿ, ಸುಳ್ಳ್ಯಾಕ ಹೇಳಲಿ,
ಮದುವಿ ಮನಿಯಾಗ ಫೋಟೊಕ್ಕ ಮುಂದ ನಿಂದರತೀನಿ.

ಬೆಟಗೇರಿಯ ಲೈಟಿನ ಕಂಬಕ್ಕ ಆ ಬ್ಯಾನರು ಇನ್ನೂ ಐತಿ,
ಒಂದು ಮೂಲಿ ಹಗ್ಗ ಬಿಚ್ಚಿ.
ಬಿಸಿಲಿಗೆ ಮೊದಲು ಹಳದಿ ಹೋತು, ಆಮ್ಯಾಲೆ ಕೆಂಪು.
ಹಾರ ಹೋತು, ಕುಂಕುಮ ಹೋತು.
ನಾನು ಕಪ್ಪು ಜಾಸ್ತಿ ಹಾಕಿದ್ದಕ್ಕೋ ಏನೋ,
ಬಂಗು ಮಾತ್ರ ನಿಂತೈತಿ.
ಸೆರಗು ಮಾರಿಗೆ ಎಳಕೊಂಡು
ಅದರ ನೆರಳಿನ್ಯಾಗ ದಾಟತೀನಿ.